ಬಳಕೆಯಲ್ಲಿಲ್ಲದ ಹಿತ್ತಲ ಬಾವಿ: ಶುದ್ಧೀಕರಣ ಹಾಗೂ ನೀರಿನ ಪರೀಕ್ಷೆ

ಎಚ್ಚರಿಕೆ: ಪಾಳುಬಾವಿಯಲ್ಲಿ ವಿಷಾನಿಲವಿರಬಹುದು, ಒಳಗೆ ಇಳಿಯತಕ್ಕದ್ದಲ್ಲ.

1. ಶುಚಿಗೊಳಿಸುವಿಕೆ: ಕಸ, ಪಾಚಿಗಳನ್ನು ಮೇಲಿನಿಂದಲೇ ತೆಗೆದು, ಹಳೆಯ ನೀರನ್ನು ಪಂಪಿನಿಂದ ಹೊರಹಾಕಿ, ಹೊಸ ನೀರು ಊರಲು ಬಿಡತಕ್ಕದ್ದು.

2. ಕ್ಲೋರಿನೀಕರಣ: ದುಂಡು ಬಾವಿಯಾದಲ್ಲಿ ವ್ಯಾಸ × ವ್ಯಾಸ × ನೀರಿನ ಆಳ (ಮೀಟರುಗಳಲ್ಲಿ) × 785 = ನೀರಿನ ಪ್ರಮಾಣ (ಲೀಟರುಗಳಲ್ಲಿ). ಪ್ರತಿ 1,000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪುಡಿಯನ್ನು ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಬಳಿಕ ತಿಳಿಯನ್ನು ಮಾತ್ರ ಬಾವಿಗೆ ಬೆರೆಸತಕ್ಕದ್ದು. ಒಂದು ಗಂಟೆಯ ನಂತರ ಉಳಿಕೆ ಕ್ಲೋರಿನ್ ಲೀಟರಿಗೆ 0.5 ಮಿ.ಗ್ರಾಂ ಇರಬೇಕು.

3. ಪರೀಕ್ಷೆ: ಕ್ಲೋರಿನ್ ರೋಗಾಣುಗಳನ್ನು ಕೊಲ್ಲುವುದೇ ಹೊರತು ನೈಟ್ರೇಟ್, ಫ್ಲೋರೈಡುಗಳನ್ನು ತೆಗೆಯದು. ಐ.ಎಸ್. 10500 ಮಾನಕದಂತೆ 100 ಮಿ.ಲೀ. ನೀರಿನಲ್ಲಿ ಇ. ಕೋಲಿ ಇರಕೂಡದು, ಲೀಟರಿಗೆ ನೈಟ್ರೇಟ್ 45, ಫ್ಲೋರೈಡ್ 1.5 ಮಿ.ಗ್ರಾಂ ಮೀರಕೂಡದು. ಪ್ರಯೋಗಾಲಯದ ವರದಿ ಬರುವವರೆಗೆ, ನೀರು ಎಷ್ಟೇ ತಿಳಿಯಾಗಿದ್ದರೂ, ಕುಡಿಯಲು ಬಳಸತಕ್ಕದ್ದಲ್ಲ.