ಹೈದರಾಬಾದಿನಿಂದ ಹೋದ ಕನ್ನಡ ಪಾಠಗಳು

ಮೂಸಿ ನದಿಯ ಉತ್ತರಕ್ಕಿರುವ ಬೇಗಂ ಬಜಾರ್ ಹೈದರಾಬಾದಿನ ಹಳೆಯ ಸಗಟು ಪೇಟೆ. ನಿಜಾಂ ಅಲಿ ಖಾನನ ಪತ್ನಿ ಹುಮ್ದಾ ಬೇಗಂ ವರ್ತಕರಿಗೆ ಕೊಟ್ಟ ಜಾಗದಲ್ಲಿ ಬೆಳೆದದ್ದರಿಂದ ಈ ಹೆಸರು ಬಂತೆಂದು ಹೇಳುತ್ತಾರೆ. ಬೀದರ, ಕಲಬುರ್ಗಿ, ರಾಯಚೂರುಗಳು 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಆ ಸೀಮೆಯ ವರ್ತಕರಿಗೆ ರಾಜಧಾನಿಯ ಈ ಪೇಟೆ ಪರಿಚಿತವಾದದ್ದು. ರಾಜ್ಯದ ಗಡಿ ಬದಲಾದ ಮೇಲೂ ಪಾತ್ರೆ, ಮಸಾಲೆ, ಒಣಹಣ್ಣುಗಳು ಹೋಗುವ ದಾರಿ ಮುಚ್ಚಲಿಲ್ಲ. ಆದರೆ ಇದೇ ನಗರದಿಂದ ಕನ್ನಡ ಜಿಲ್ಲೆಗಳಿಗೆ ಒಂದು ವರ್ಷ ಕಾಲ ಹೋದ ಇನ್ನೊಂದು ಸರಕನ್ನು ನಾವು ಮರೆತಿದ್ದೇವೆ. ಅದು ಶಾಲಾಮಕ್ಕಳಿಗಾಗಿ ತಯಾರಾದ ದೂರದರ್ಶನದ ಪಾಠ.

ಇಂಗ್ಲಿಷಿನ ಮೊದಲಕ್ಷರಗಳಿಂದ ‘ಸೈಟ್’ ಎಂದು ಹೆಸರಾದ ಉಪಗ್ರಹ ಶೈಕ್ಷಣಿಕ ದೂರದರ್ಶನ ಪ್ರಯೋಗ 1975ರ ಆಗಸ್ಟ್ 1ರಂದು ಆರಂಭವಾಯಿತು. ವಿಕ್ರಮ್ ಸಾರಾಭಾಯಿ ಕಂಡ ಕನಸು ಅದು. ಭಾರತ ಮತ್ತು ಅಮೆರಿಕದ ನಡುವೆ 1969ರಲ್ಲೇ ಒಪ್ಪಂದವಾಗಿತ್ತು. ಸಾರಾಭಾಯಿ 1971ರಲ್ಲಿ ತೀರಿಕೊಂಡರು, ಪ್ರಸಾರವನ್ನು ನೋಡಲಿಲ್ಲ. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಟಿ.ವಿ. ಪೆಟ್ಟಿಗೆಗಳನ್ನಿಟ್ಟು, ತಂತಿಬಲೆಯಿಂದ ಮಾಡಿದ ಸುಮಾರು ಹತ್ತು ಅಡಿ ಅಗಲದ ಆಂಟೆನಾಗಳನ್ನು ನಿಲ್ಲಿಸಲಾಯಿತು. ಕರ್ನಾಟಕದಲ್ಲಿ ಆಯ್ಕೆಯಾದವು ಕಲಬುರ್ಗಿ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳು. ಅವುಗಳಿಗೆ ಬೇಕಾದ ಕನ್ನಡ ಕಾರ್ಯಕ್ರಮಗಳು, ತೆಲುಗಿನವುಗಳೊಡನೆ, ಹೈದರಾಬಾದಿನ ದೂರದರ್ಶನದ ನಿರ್ಮಾಣ ಕೇಂದ್ರದಲ್ಲಿ ತಯಾರಾದವು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅಂದರೆ ಕನ್ನಡದ ಹಳ್ಳಿಮಕ್ಕಳ ತರಗತಿಗೆ ಟಿ.ವಿ. ಪಾಠ ಮೊದಲು ಬಂದದ್ದು ರಾಜಧಾನಿಯಿಂದಲ್ಲ, ಹೊರನಾಡಿನಿಂದ.

ಬೆಳಗಿನ ಹೊತ್ತು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕನ್ನಡಕ್ಕೆಂದು ಮೀಸಲಾದದ್ದು ಇಪ್ಪತ್ತೆರಡೂವರೆ ನಿಮಿಷ. ವಿದ್ಯುತ್ತೇ ಹೊಸತಾಗಿದ್ದ ಊರುಗಳಲ್ಲಿ, ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹದಿಂದ ಕನ್ನಡ ಮಾತು ಇಳಿದು ಬಂತು. ಆದರೆ ಆ ಮಾತಿಗೆ ಕಿವಿ ಇರಲಿಲ್ಲ. ನೆಲದ ಮೇಲೆ ಕುಳಿತ ಮಗುವಿಗೆ ಅರ್ಥವಾಗದಿದ್ದರೆ ಪೆಟ್ಟಿಗೆಯನ್ನು ಕೇಳುವಂತಿಲ್ಲ. ಕೇಳಬೇಕಾದದ್ದು ಪಕ್ಕದಲ್ಲಿ ನಿಂತ ಮಾಸ್ತರನ್ನು. ಇದನ್ನು ಯೋಜಕರೂ ಅರಿತಿದ್ದರು. ಶಾಲೆಗೆ ರಜೆಯಿದ್ದಾಗ ಅದೇ ಉಪಗ್ರಹದ ಮೂಲಕ ಸಾವಿರಾರು ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ಕೊಟ್ಟರು. ತಂತ್ರಜ್ಞಾನ ಶಿಕ್ಷಕನ ಜಾಗಕ್ಕೆ ಬಾರದೆ ಅವನ ಬೆನ್ನಿಗೆ ನಿಲ್ಲಬೇಕೆಂಬ ತಿಳಿವು ಅದರಲ್ಲಿತ್ತು.

ಪ್ರಯೋಗದ ಫಲವನ್ನು ಅಳೆದವರಿಗೆ ಕಂಡದ್ದು ಮಿಶ್ರ ಚಿತ್ರ. ಟಿ.ವಿ. ಬಂದಿತೆಂದು ಶಾಲೆಗೆ ಸೇರುವವರು ಹೆಚ್ಚಲಿಲ್ಲ, ಬಿಡುವವರು ಕಡಿಮೆಯಾಗಲಿಲ್ಲ. ಹೊಲದ ಕೆಲಸವನ್ನೂ ಮನೆಯ ಬಡತನವನ್ನೂ ಯಾವ ಪಾಠವೂ ನೀಗಿಸಲಾರದಷ್ಟೆ. ಆದರೂ ಪಾಠ ನೋಡಿದ ಮಕ್ಕಳ ಭಾಷೆ ಬೆಳೆದಿತ್ತು, ತಿಳಿಯುವ ಆಸಕ್ತಿ ಹೆಚ್ಚಿತ್ತು. 1976ರ ಜುಲೈ 31ಕ್ಕೆ ಎರವಲು ತಂದ ಉಪಗ್ರಹದ ಅವಧಿ ಮುಗಿಯಿತು. ಮರುವರ್ಷ ಕಲಬುರ್ಗಿಯಲ್ಲಿ ನೆಲದ ಪ್ರಸಾರ ಕೇಂದ್ರ ಆರಂಭವಾಯಿತಾದರೂ, ಅದರ ಅಲೆ ತಲುಪದ ಹಳ್ಳಿಗಳ ಮಕ್ಕಳಿಗೆ ಉಳಿದದ್ದು ಮತ್ತೆ ಕರಿಹಲಗೆ, ಸೀಮೆಸುಣ್ಣ, ಮಾಸ್ತರು.

ಹೊರನಾಡಿನ ನಮಗೆ ಈ ಕಥೆ ಹತ್ತಿರದ್ದು. ಇಂದು ಬೇಗಂ ಬಜಾರಿನ ಗಲ್ಲೆಯ ಪಕ್ಕದಲ್ಲಿ ಕುಳಿತ ಮಗುವಿನ ಕೈಯಲ್ಲೂ ಮೊಬೈಲು ಇದೆ. ಕನ್ನಡದ ಅಕ್ಷರಮಾಲೆ ಅದರಲ್ಲಿ ಹಗಲಿರುಳೂ ಸಿಗುತ್ತದೆ. ಇಪ್ಪತ್ತೆರಡೂವರೆ ನಿಮಿಷಕ್ಕಾಗಿ ಉಪಗ್ರಹವನ್ನು ಕಾಯುವ ಕಾಲ ಹೋಯಿತು. ಆದರೆ ಮಗು ಪಾಠ ನೋಡಿ ಮುಗಿಸಿ, ‘ಹಾಗೆಂದರೇನಪ್ಪಾ?’ ಎಂದು ಕನ್ನಡದಲ್ಲಿ ಕೇಳಿದಾಗ ಕನ್ನಡದಲ್ಲೇ ಉತ್ತರಿಸುವವರು ಪಕ್ಕದಲ್ಲಿರಬೇಕು. ಅಂದು ಆ ಕೆಲಸ ಹಳ್ಳಿಯ ಮಾಸ್ತರದಾಗಿತ್ತು. ಹೊರನಾಡಿನಲ್ಲಿ ಅದು ನಮ್ಮದೇ.