ತಿಪ್ಪೆಯಿಂದ ಚೀಲಕ್ಕೆ: ಕೊಪ್ಪಳ ಸೀಮೆಯಲ್ಲಿ ಗೊಬ್ಬರದ ಪರೀಕ್ಷೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಲ್ಲಿ ತಿಪ್ಪೆ ಗೊಬ್ಬರ ಬಹುಕಾಲ ಅಂಗಡಿಯ ಸರಕಾಗಿರಲಿಲ್ಲ. ಸಗಣಿ, ಕೊಟ್ಟಿಗೆಯ ಕಸ, ಒಲೆಯ ಬೂದಿ, ದನ ತಿಂದು ಬಿಟ್ಟ ಕಣಿಕೆ ಎಲ್ಲವೂ ತಿಪ್ಪೆಯಲ್ಲಿ ವರ್ಷವಿಡೀ ಕಳಿತು, ಬೇಸಿಗೆಯಲ್ಲಿ ಬಂಡಿ ಏರಿ ಹೊಲ ಸೇರುತ್ತಿದ್ದವು. ಪೈರು ಎತ್ತಿದ ಹೊಲದಲ್ಲಿ ರಾತ್ರಿ ಕುರಿ ತರುಬಿಸಿ, ಕುರಿಗಾರರಿಗೆ ಜೋಳವನ್ನೋ ಸಜ್ಜೆಯನ್ನೋ ಅಳೆದು ಕೊಡುವ ರೂಢಿಯೂ ಇತ್ತು. ಆಗ ಗೊಬ್ಬರದ ಪರೀಕ್ಷೆ ಕೈಯಲ್ಲೇ ಮುಗಿಯುತ್ತಿತ್ತು. ಹಿಡಿ ಗೊಬ್ಬರ ಎತ್ತಿ ಮೂಸಿದರೆ ಹಸಿ ಮಣ್ಣಿನ ವಾಸನೆ ಬರಬೇಕು, ಹಿಸುಕಿದರೆ ಕಣಿಕೆಯ ಚೂರು ಬೆರಳಲ್ಲೇ ಪುಡಿಯಾಗಬೇಕು. ಕೊಡುವವರೂ ಕೊಳ್ಳುವವರೂ ಒಂದೇ ಊರಿನವರು. ಅರೆಕಳಿತ ಗೊಬ್ಬರ ಕೊಟ್ಟವರು ಮರುವರ್ಷವೂ ಕೊಂಡವರ ಎದುರೇ ಓಡಾಡಬೇಕಿತ್ತು. ಈ ಮುಖಪರಿಚಯಕ್ಕಿಂತ ಗಟ್ಟಿಯಾದ ಖಾತರಿ ಆ ಕಾಲದಲ್ಲಿ ಬೇಕಿರಲಿಲ್ಲ.

ಆಗ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗರ ಜಹಗೀರು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಗಂಗಾವತಿಯ ಬೇಸಾಯವೇ ಬದಲಾಯಿತು. ಆಂಧ್ರದಿಂದ ಬಂದ ರೈತರು ಕ್ಯಾಂಪುಗಳಲ್ಲಿ ನೆಲೆಸಿದರು, ಜೋಳದ ಹೊಲ ಭತ್ತದ ಗದ್ದೆಯಾಯಿತು, ಅದರ ಹಿಂದೆಯೇ ಸರಕಾರಿ ಗೊಬ್ಬರದ ಚೀಲಗಳು ಬಂದವು. ಹೀಗೆ ಗೊಬ್ಬರ ಮೊದಲ ಬಾರಿಗೆ ಮುಖಪರಿಚಯವಿಲ್ಲದವರಿಂದ ಕೊಳ್ಳುವ ವಸ್ತುವಾಯಿತು.

ಅಗತ್ಯ ವಸ್ತುಗಳ ಕಾಯ್ದೆ 1955ರಲ್ಲಿ ಜಾರಿಯಾಗಿ, ಅದರಡಿ 1957ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶ ಹೊರಟಿತು. ಈಗ ನಡೆಯುತ್ತಿರುವುದು 1985ರ ಆದೇಶ. ಎರಡೂ ಹುಟ್ಟಿದ್ದು ರಾಸಾಯನಿಕ ಗೊಬ್ಬರಕ್ಕಾಗಿ. ಇತ್ತ ಪಟ್ಟಣದ ಕಸದಿಂದ ಕಾಂಪೋಸ್ಟ್ ಮಾಡುವ ವಿದ್ಯೆ ಕರ್ನಾಟಕಕ್ಕೆ ಹೊಸದಾಗಿರಲಿಲ್ಲ. 1939ರಲ್ಲಿ ಸಿ. ಎನ್. ಆಚಾರ್ಯ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ಗುಂಡಿ ಕ್ರಮ ‘ಬೆಂಗಳೂರು ವಿಧಾನ’ವೆಂದೇ ಹೆಸರಾಯಿತು, 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ಆದರೂ ಚೀಲಕ್ಕೆ ತುಂಬಿ ಮಾರುವ ಕಾಂಪೋಸ್ಟಿನಲ್ಲಿ ಏನಿರಬೇಕು, ಏನಿರಬಾರದು ಎಂದು ಈ ಆದೇಶ ಹೇಳಿದ್ದು 2006ರಲ್ಲಿ. ಇಷ್ಟು ತಡವಾದದ್ದು ರೈತರಿಗೆ ಆದ ಅನ್ಯಾಯ.

2006ರ ತಿದ್ದುಪಡಿ ಜೈವಿಕ ಮತ್ತು ಸಾವಯವ ಗೊಬ್ಬರಗಳನ್ನು ಆದೇಶದ ಅನುಸೂಚಿಗಳಿಗೆ ಸೇರಿಸಿತು. ನಗರ ಕಾಂಪೋಸ್ಟಿನ ತೇವಾಂಶ ಶೇ. 15ರಿಂದ 25ರೊಳಗಿರಬೇಕು. 4 ಮಿ.ಮೀ. ಜರಡಿಯಲ್ಲಿ ಕನಿಷ್ಠ ಶೇ. 90 ಭಾಗ ಇಳಿಯಬೇಕು. ಬಣ್ಣ ಕಡುಕಂದಿನಿಂದ ಕಪ್ಪು, ದುರ್ವಾಸನೆ ಕೂಡದು. ಮೂಗಿನ ಪರೀಕ್ಷೆಯನ್ನು ಕಾನೂನೂ ಬಿಡಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಆದರೆ ಪಟ್ಟಣದ ಕಸದಲ್ಲಿ ಬ್ಯಾಟರಿ, ಬಣ್ಣದ ಡಬ್ಬಿ, ಒಡೆದ ಟ್ಯೂಬ್‌ಲೈಟು ಬೆರೆತಿರುತ್ತವೆ. ಅವುಗಳ ವಿಷ ಮೂಗಿಗೆ ಸಿಗದು. ಆದ್ದರಿಂದ ಕಿಲೋಗೆ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5, ಪಾದರಸ 0.15 ಮಿಲಿಗ್ರಾಂ ಮೀರಬಾರದೆಂಬ ಮಿತಿ ಬಂತು.

ಚೀಲದ ಮೇಲೆ ಗೊಬ್ಬರದ ಹೆಸರು, ತಯಾರಕರ ಹೆಸರು, ಪೋಷಕಾಂಶದ ಪ್ರಮಾಣ, ತೂಕ ಅಚ್ಚಾಗಿರಬೇಕು. ಅನುಮಾನ ಬಂದರೆ, ಗೊಬ್ಬರ ನಿರೀಕ್ಷಕರೆಂದು ನೇಮಕವಾದ ಕೃಷಿ ಅಧಿಕಾರಿ ಅಂಗಡಿಯಲ್ಲೇ ಮಾದರಿ ತೆಗೆಯುತ್ತಾರೆ. ಚೀಲಗಳಿಂದ ತೆಗೆದದ್ದನ್ನು ಚೆನ್ನಾಗಿ ಬೆರೆಸಿ ಮೂರು ಪಾಲು ಮಾಡಿ ಮೊಹರು ಹಾಕುತ್ತಾರೆ: ಒಂದು ಪ್ರಯೋಗಾಲಯಕ್ಕೆ, ಒಂದು ಮಾರಾಟಗಾರರಿಗೆ, ಇನ್ನೊಂದು ಇಲಾಖೆಯ ಬಳಿ. ತಕರಾರು ಬಂದಾಗ ಈ ಮೂರನೆಯ ಪೊಟ್ಟಣವೇ ಸಾಕ್ಷಿ. ರೈತರು ತಾವೇ ಮಾಡಿ ತಮ್ಮ ಹೊಲಕ್ಕೇ ಹಾಕುವ ಗೊಬ್ಬರಕ್ಕೆ ಇದಾವುದೂ ತಾಗುವುದಿಲ್ಲ.

ಎರೆಹುಳು ಗೊಬ್ಬರದಲ್ಲಿ ಸಾರಜನಕ ಕನಿಷ್ಠ ಶೇ. 1 ಇರಬೇಕು, ಅಂದರೆ 50 ಕಿಲೋ ಚೀಲಕ್ಕೆ ಅರ್ಧ ಕಿಲೋ. 45 ಕಿಲೋ ಯೂರಿಯಾದಲ್ಲಿ ಅದು 20 ಕಿಲೋಗೂ ಹೆಚ್ಚು. ಈ ಲೆಕ್ಕವೊಂದನ್ನೇ ನೋಡಿದರೆ ಕಾಂಪೋಸ್ಟ್ ಕೊಳ್ಳುವುದು ನಷ್ಟವೆನಿಸುತ್ತದೆ. ಆದರೆ ಕುಷ್ಟಗಿ, ಯಲಬುರ್ಗಾದ ಮಸಾರಿ ಹೊಲಗಳಿಗೆ ನಿಜವಾಗಿ ಬೇಕಿರುವುದು ಬಿದ್ದ ಮಳೆಯನ್ನು ಹಿಡಿದಿಡುವ ಸಾವಯವ ಇಂಗಾಲ. ಎರೆಹುಳು ಗೊಬ್ಬರಕ್ಕೆ ಅದು ಕನಿಷ್ಠ ಶೇ. 18 ಎಂದಿದೆ. ನಗರ ಕಾಂಪೋಸ್ಟಿಗೆ ಮೊದಲು ಶೇ. 16 ಇದ್ದದ್ದನ್ನು ಮುಂದೆ 12ಕ್ಕೆ ಇಳಿಸಲಾಯಿತು. ಒಣಭೂಮಿಯ ಕಡೆಯಿಂದ ನೋಡಿದರೆ ಇದು ಒಳ್ಳೆಯ ತಿದ್ದುಪಡಿಯಲ್ಲ.

ಗಂಗಾವತಿಯ ಕಾಲುವೆ ಕೆಳಭಾಗದ ಕಷ್ಟ ಬೇರೆ. ಅಲ್ಲಿ ನೀರು ನಿಂತು ನೆಲ ಸವಳಾಗಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಸುಧಾರಣೆಗೆಂದೇ ಸಂಶೋಧನಾ ಯೋಜನೆಯಿದೆ. ಮಣ್ಣಿನ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಅದನ್ನು ಸವಳು ಎನ್ನುತ್ತಾರೆ. ನಗರ ಕಾಂಪೋಸ್ಟಿನ ಮಿತಿಯೂ 4, ಅಳೆಯುವ ಕ್ರಮ ಮಾತ್ರ ಬೇರೆ. ಈಗಾಗಲೇ ಉಪ್ಪೇರಿದ ಗದ್ದೆಗೆ ಕಾಂಪೋಸ್ಟ್ ಕೊಳ್ಳುವವರು ಪರೀಕ್ಷಾ ವರದಿಯಲ್ಲಿ ಸಾರಜನಕಕ್ಕಿಂತ ಮೊದಲು ನೋಡಬೇಕಾದ ಅಂಕಿ ಅದು.