ನೆನಪು ಕಳೆದುಕೊಂಡ ಹಿರಿಯರು ಮತ್ತು ನಮ್ಮ ಪೂರ್ವಿಕರ ಬೀಮಾರಿಸ್ತಾನಗಳು

ಎರಡು ವರ್ಷಗಳ ಹಿಂದೆ ಒಂದು ಜುಮಾದಂದು ನಾವು ಹೆತ್ತವರ ಹಕ್ಕುಗಳ ಬಗ್ಗೆ ಖುತ್ಬಾ ನೀಡಿದೆವು. ತಂದೆ-ತಾಯಿಯನ್ನು ಆಶ್ರಮಕ್ಕೆ ಸೇರಿಸುವವರಿಗೆ ಜನ್ನತ್‌ನ ಬಾಗಿಲು ಮುಚ್ಚಿದೆ ಎಂದು ಗಟ್ಟಿಯಾಗಿಯೇ ಹೇಳಿದೆವು. ನಮಾಝ್ ಮುಗಿದು ಎಲ್ಲರೂ ಹೊರಟ ಮೇಲೂ ಪಿರಿಯಾಪಟ್ಟಣದ ಕಡೆಯ ಒಬ್ಬ ಸಹೋದರರು ಸಫ್‌ನಲ್ಲೇ ಕುಳಿತಿದ್ದರು. ಅವರ ಅನುಮತಿ ಪಡೆದು, ಗುರುತು ಸಿಗದಂತೆ ಅವರ ಮಾತನ್ನು ಇಲ್ಲಿ ಬರೆಯುತ್ತಿದ್ದೇವೆ.

ಅವರ ತಾಯಿಗೆ ಎಪ್ಪತ್ತೈದು ದಾಟಿದೆ. ಮಗನನ್ನು ಕೆಲವೊಮ್ಮೆ ತನ್ನ ಅಣ್ಣನೆಂದು ಕರೆಯುತ್ತಾರೆ. ಮಗ್ರಿಬ್ ಹೊತ್ತಾದರೆ ಗಾಬರಿ ಶುರು. ಕೆ.ಆರ್. ನಗರದ ತವರಿಗೆ ಹೋಗಬೇಕೆಂದು ಚಿಲಕ ತೆಗೆದು ಹೊರಡುತ್ತಾರೆ. ಆ ತವರು ಮನೆ ಮಾರಿ ಮೂವತ್ತು ವರ್ಷವಾಗಿದೆ. ಎರಡು ಸಲ ಅವರು ಮೈಸೂರು-ಮಡಿಕೇರಿ ಹೆದ್ದಾರಿಯಲ್ಲಿ ಸಿಕ್ಕಿದ್ದಾರೆ. ತಂಬಾಕು ಹದ ಮಾಡುವ ಕಾಲದಲ್ಲಿ ಗಂಡ-ಹೆಂಡತಿ ಇಬ್ಬರೂ ರಾತ್ರಿಯಿಡೀ ಬ್ಯಾರನ್ ಬಳಿ ಇರಬೇಕು. ಇಷ್ಟು ಹೇಳಿ ಅವರು ತಲೆ ತಗ್ಗಿಸಿದರು. “ಹಜ್ರತ್, ಅಮ್ಮಿಯ ಕಾಲಿಗೆ ದುಪಟ್ಟಾ ಕಟ್ಟಿ ಮಂಚಕ್ಕೆ ಬಿಗಿದು ಹೋಗುತ್ತೇವೆ. ಮನೆಯಲ್ಲೇ ಇಟ್ಟುಕೊಂಡಿದ್ದೇವೆ. ನಮಗೆ ಜನ್ನತ್ ಸಿಗುತ್ತದಾ?” ಎಂದು ಕೇಳಿದರು.

ನಮ್ಮಲ್ಲಿ ಉತ್ತರವಿರಲಿಲ್ಲ. ಖುತ್ಬಾದಲ್ಲಿ ನಾವು ಮನೆ ಮತ್ತು ಆಶ್ರಮ ಎಂಬ ಎರಡೇ ಜಾಗಗಳನ್ನು ನೋಡಿದ್ದೆವು. ಆ ಜಾಗದಲ್ಲಿ ಮನುಷ್ಯರನ್ನು ಹೇಗೆ ಇಟ್ಟಿದ್ದಾರೆ ಎಂಬುದನ್ನು ನೋಡಿರಲಿಲ್ಲ. ಆ ದಿನದಿಂದ ನಾವು ಈ ವಿಷಯದಲ್ಲಿ ನಮ್ಮ ಪೂರ್ವಿಕರು ಏನು ಮಾಡಿದ್ದರು ಎಂದು ಹುಡುಕತೊಡಗಿದೆವು.

ಮೊದಲು ಕುರ್‌ಆನ್. ವೃದ್ಧಾಪ್ಯದ ಈ ಸ್ಥಿತಿಯನ್ನು ಪವಿತ್ರ ಕುರ್‌ಆನ್ ಮುಚ್ಚಿಡುವುದಿಲ್ಲ. ಎಲ್ಲವನ್ನೂ ತಿಳಿದಿದ್ದವರು ಏನೂ ತಿಳಿಯದವರಾಗುವ ವಯಸ್ಸಿನ ಪ್ರಸ್ತಾಪ ಸೂರಃ ಅನ್ನಹ್ಲ್‌ನ 70ನೇ ಮತ್ತು ಸೂರಃ ಅಲ್‌ಹಜ್ಜ್‌ನ 5ನೇ ವಚನಗಳಲ್ಲಿದೆ. ಪ್ರವಾದಿ(ಸ)ರವರು ತಮ್ಮ ದುಆಗಳಲ್ಲಿ ಆ ವಯಸ್ಸಿನಿಂದ ಅಲ್ಲಾಹನ ಅಭಯ ಬೇಡುತ್ತಿದ್ದರೆಂದು ಬುಖಾರಿಯಲ್ಲಿದೆ. ನಮ್ಮ ಊರುಗಳಲ್ಲಿ ಕನ್ನಡದಲ್ಲಿ “ಅರವತ್ತಕ್ಕೆ ಅರಳು ಮರಳು” ಎಂದು ನಗುತ್ತೇವೆ, ಉರ್ದುವಿನಲ್ಲಿ “ಸಠಿಯಾ ಗಯೇ” ಎಂದು ನಗುತ್ತೇವೆ. ಎರಡು ಭಾಷೆಯೂ ಅರವತ್ತನ್ನೇ ಎಣಿಸುತ್ತದೆ. ಆದರೆ ಇದು ನಗುವ ವಿಷಯವಲ್ಲ, ವಯಸ್ಸಿನ ಸಹಜ ಗುಣವೂ ಅಲ್ಲ. ಇದು ಮೆದುಳಿನ ಕಾಯಿಲೆ.

ಸೂರಃ ಬನೀ ಇಸ್ರಾಈಲ್‌ನ 23 ಮತ್ತು 24ನೇ ವಚನಗಳನ್ನು ಎಲ್ಲರೂ ಬಲ್ಲಿರಿ. ವೃದ್ಧರಾದ ಹೆತ್ತವರಿಗೆ ‘ಉಫ್’ ಎನ್ನಬಾರದೆಂಬ ಆಜ್ಞೆ ಅಲ್ಲಿದೆ. ಅವರು ಮಕ್ಕಳ ಬಳಿಯಲ್ಲಿಯೇ ಮುಪ್ಪು ತಲುಪುವ ಮಾತೂ ಅಲ್ಲಿಯೇ ಇದೆ. ಆದ್ದರಿಂದ ಮನೆಯೇ ಮೊದಲ ಆಯ್ಕೆ ಎಂಬುದರಲ್ಲಿ ನಮಗೆ ಈಗಲೂ ಅನುಮಾನವಿಲ್ಲ. ಆದರೆ ಗೌರವದ ಮಾತು, ವಿನಯ ಮತ್ತು ಕರುಣೆಯನ್ನು ಆಜ್ಞಾಪಿಸಿದ ಅದೇ ವಚನಗಳನ್ನು ಓದುತ್ತಾ ತಾಯಿಯನ್ನು ಮಂಚಕ್ಕೆ ಕಟ್ಟುವುದು ಹೇಗೆ?

ಇನ್ನು ಇತಿಹಾಸ. ಬುದ್ಧಿ ಕ್ಷೀಣಿಸಿದವರಿಗೆ ಮನೆಯ ಹೊರಗೆ ಆರೈಕೆಯ ಜಾಗ ಮಾಡುವುದು ಪಾಶ್ಚಾತ್ಯರಿಂದ ಬಂದ ಹೊಸ ಪದ್ಧತಿ ಎಂದು ನಾವು ಭಾವಿಸಿದ್ದೆವು. ಅದು ತಪ್ಪು. ಮುಸ್ಲಿಮ್ ನಗರಗಳಲ್ಲಿ ‘ಬೀಮಾರಿಸ್ತಾನ’ ಎಂಬ ಆಸ್ಪತ್ರೆಗಳಿದ್ದವು. ಬೀಮಾರ್ ಎಂದರೆ ಏನೆಂದು ಉರ್ದು ಬಲ್ಲ ನಮ್ಮ ಮನೆಗಳಲ್ಲಿ ವಿವರಿಸಬೇಕಿಲ್ಲ. ಸುಲ್ತಾನ್ ನೂರುದ್ದೀನ್ ಝಂಗಿಯವರು 1154ರಲ್ಲಿ ದಮಾಸ್ಕಸ್‌ನಲ್ಲಿ ಕಟ್ಟಿಸಿದ ಬೀಮಾರಿಸ್ತಾನದ ಕಟ್ಟಡ ಇಂದಿಗೂ ನಿಂತಿದೆ. ಕೈರೋದಲ್ಲಿ ಸುಲ್ತಾನ್ ಕಲಾವೂನ್ 1284ರ ಸುಮಾರಿಗೆ ಕಟ್ಟಿಸಿದ ಮನ್ಸೂರಿ ಆಸ್ಪತ್ರೆ ಬಡವ-ಬಲ್ಲಿದ, ಗಂಡು-ಹೆಣ್ಣು ಎಲ್ಲರಿಗೂ ತೆರೆದಿತ್ತು. ಅದರ ಖರ್ಚು ವಕ್ಫ್ ಆಸ್ತಿಗಳಿಂದ ನಡೆಯುತ್ತಿತ್ತು. ಅಲೆಪ್ಪೋದಲ್ಲಿ 1354ರಲ್ಲಿ, ತುರ್ಕಿಯ ಎದಿರ್ನೆಯಲ್ಲಿ 1488ರಲ್ಲಿ ಇಂತಹವು ಎದ್ದವು. ಎದಿರ್ನೆಯಲ್ಲಿ ಮನೋರೋಗಿಗಳಿಗೆ ನೀರಿನ ಸದ್ದು ಮತ್ತು ಸಂಗೀತದಿಂದ ಸಮಾಧಾನ ನೀಡುತ್ತಿದ್ದರೆಂದು 17ನೇ ಶತಮಾನದ ಪ್ರವಾಸಿ ಎವ್ಲಿಯಾ ಚೆಲೆಬಿ ಬರೆದಿದ್ದಾರೆ.

ಇವೆಲ್ಲ ಇಂದಿನ ಅರ್ಥದಲ್ಲಿ ಮರೆವಿನ ಕಾಯಿಲೆಯ ಮನೆಗಳಲ್ಲ. ಆದರೆ ಬುದ್ಧಿ ಸ್ಥಿಮಿತದಲ್ಲಿಲ್ಲದವರ ಹೊಣೆ ಕುಟುಂಬದ್ದು ಮಾತ್ರವಲ್ಲ, ಸಮುದಾಯದ್ದೂ ಹೌದು ಎಂದು ಒಪ್ಪಿಕೊಂಡ ಮನೆಗಳು.

ಅಂದಲೂಸಿಯಾದಿಂದ ಹಜ್ಜ್‌ಗೆ ಹೊರಟ ಇಬ್ನ್ ಜುಬೈರ್ 1183ರಲ್ಲಿ ಕೈರೋದ ಆಸ್ಪತ್ರೆಯನ್ನು, ಮರುವರ್ಷ ದಮಾಸ್ಕಸ್‌ನದನ್ನು ನೋಡಿದರು. ಅವರು ಬರೆದಿಟ್ಟ ಸಂಗತಿಗಳು ನಮಗೆ ಬಹಳ ಉಪಯುಕ್ತ. ಕೈರೋದಲ್ಲಿ ಸ್ತ್ರೀಯರಿಗೆ ಪ್ರತ್ಯೇಕ ವಿಭಾಗವಿತ್ತು, ಅವರ ಆರೈಕೆಗೆ ಪ್ರತ್ಯೇಕ ಜನವಿದ್ದರು. ಬುದ್ಧಿ ಕೆಟ್ಟವರ ಸ್ಥಿತಿಯನ್ನು ಪ್ರತಿದಿನ ವಿಚಾರಿಸಿ ಬೇಕಾದುದನ್ನು ಕೊಡುತ್ತಿದ್ದರು. ಸುಲ್ತಾನ್ ಸಲಾಹುದ್ದೀನ್ ತಾವೇ ಇದೆಲ್ಲದರ ತಪಾಸಣೆ ಮಾಡುತ್ತಿದ್ದರು. ದಮಾಸ್ಕಸ್‌ನಲ್ಲಿ ರೋಗಿಗಳ ಹೆಸರು ಮತ್ತು ಖರ್ಚಿನ ದಫ್ತರವಿತ್ತು. ಅಲ್ಲಿ ಮನೋರೋಗಿಗಳನ್ನು ಸರಪಳಿಯಲ್ಲಿ ಬಿಗಿದಿದ್ದರು ಎಂಬುದನ್ನೂ ಇಬ್ನ್ ಜುಬೈರ್ ಬರೆದಿದ್ದಾರೆ. ನಮ್ಮ ಪೂರ್ವಿಕರದ್ದೆಂಬ ಕಾರಣಕ್ಕೆ ಅದನ್ನು ನಾವು ಮುಚ್ಚಿಡಬಾರದು.

ಕಾಲ ಕಳೆದಂತೆ ಏನಾಯಿತು? 1798ರಲ್ಲಿ ನೆಪೋಲಿಯನ್ನನ ಜೊತೆ ಈಜಿಪ್ಟಿಗೆ ಬಂದ ಫ್ರೆಂಚರು ನೋಡುವ ಹೊತ್ತಿಗೆ ಅದೇ ಮನ್ಸೂರಿ ಆಸ್ಪತ್ರೆ ಶೋಚನೀಯ ಸ್ಥಿತಿಗೆ ಇಳಿದಿತ್ತು. ಕಟ್ಟಡವಿತ್ತು, ಹೆಸರಿತ್ತು, ವಿಚಾರಿಸುವವರಿರಲಿಲ್ಲ. ಈ ಇತಿಹಾಸದಿಂದ ನಾವು ಕಲಿತ ಪಾಠ ಒಂದೇ. ಆರೈಕೆಯ ಮನೆ ಒಳ್ಳೆಯದಾಗಿ ಉಳಿಯುವುದು ಹೊರಗಿನವರು ಒಳಗೆ ಬಂದು ಕೇಳುತ್ತಿರುವವರೆಗೆ ಮಾತ್ರ.

ನಮ್ಮ ನಾಡಿನ ಕಡೆಗೆ ಬರೋಣ. ಬೆಂಗಳೂರಿನಲ್ಲಿ 19ನೇ ಶತಮಾನದ ಮಧ್ಯಭಾಗದಲ್ಲಿ ಮನೋರೋಗಿಗಳ ಆಶ್ರಯಾಲಯ ಆರಂಭವಾಯಿತು. 1925ರಲ್ಲಿ ಮೈಸೂರು ಸರ್ಕಾರ ಅದನ್ನು ಮಾನಸಿಕ ಆಸ್ಪತ್ರೆ ಎಂದು ಕರೆಯಿತು. 1974ರಲ್ಲಿ ಅದು ನಿಮ್ಹಾನ್ಸ್ ಸಂಸ್ಥೆಯ ಭಾಗವಾಯಿತು. ಆದರೂ ನಮ್ಮ ಹಳ್ಳಿಗಳಲ್ಲಿ ಅದರ ಹೆಸರು ಬಹುಕಾಲ ‘ಹುಚ್ಚಾಸ್ಪತ್ರೆ’ ಎಂದೇ ಉಳಿಯಿತು. ಮನೆತನದ ಮರ್ಯಾದೆಗೆ ಅಂಜಿ ಅಜ್ಜ-ಅಜ್ಜಿಯರನ್ನು ಒಳಕೋಣೆಯಲ್ಲಿಟ್ಟ ಕುಟುಂಬಗಳು ಹಿಂದೂ-ಮುಸ್ಲಿಮ್ ಎಂಬ ಭೇದವಿಲ್ಲದೆ ಇದ್ದವು.

1906ರಲ್ಲಿ ಜರ್ಮನಿಯ ವೈದ್ಯ ಅಲಾಯ್ಸ್ ಆಲ್‌ಝೈಮರ್ ಒಬ್ಬ ಮಹಿಳೆಯ ಮೆದುಳಿನಲ್ಲಿ ಕಂಡ ಬದಲಾವಣೆಗಳನ್ನು ವೈದ್ಯರ ಸಭೆಯ ಮುಂದಿಟ್ಟರು. ಮರೆವಿನ ಕಾಯಿಲೆಗಳಲ್ಲಿ ಹೆಚ್ಚು ಕಾಣುವುದಕ್ಕೆ ಅವರದೇ ಹೆಸರು ಬಂತು. ಅದೇ 1906ರಲ್ಲಿ ಮೈಸೂರಿನಲ್ಲಿ ಮಿಷನ್ ಆಸ್ಪತ್ರೆ, ಅಂದರೆ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಶುರುವಾಯಿತು. ನಮ್ಮ ತಾಲೂಕುಗಳ ಎಷ್ಟೋ ತಾಯಂದಿರು ಅಲ್ಲಿ ಹೆತ್ತಿದ್ದಾರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟ ದಾಖಲೆಗಳು ಉಳಿದುಬಂದಿವೆ. 1934ರಿಂದ 1966ರವರೆಗೆ ಅಲ್ಲಿ ಹುಟ್ಟಿದವರನ್ನು ಮತ್ತೆ ಹುಡುಕಿ, ಮುಪ್ಪಿನಲ್ಲಿ ಅವರ ಆರೋಗ್ಯ ಮತ್ತು ನೆನಪಿನ ಶಕ್ತಿಯನ್ನು ಮೈಸೂರಿನಲ್ಲೇ ಅಧ್ಯಯನ ಮಾಡಲಾಗಿದೆ. ದಮಾಸ್ಕಸ್‌ನ ದಫ್ತರದಂತೆ ಮೈಸೂರಿನ ದಫ್ತರವೂ ಕೆಲಸಕ್ಕೆ ಬಂತು.

ಭಾರತದಲ್ಲಿ ಈ ಕಾಯಿಲೆಗಾಗಿಯೇ ಸಂಘಟನೆಯೊಂದು 1992ರಲ್ಲಿ ಕೇರಳದಲ್ಲಿ ಹುಟ್ಟಿತು. ಬೆಂಗಳೂರಿನಲ್ಲಿ 1998ರಲ್ಲಿ ಆರಂಭವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ಕಸ್ತೂರಿನಗರದಲ್ಲಿ ಇಂತಹ ಹಿರಿಯರು ಉಳಿಯುವ ಕೇಂದ್ರ ತೆರೆಯಿತು. ನಮ್ಮ ಪಿರಿಯಾಪಟ್ಟಣ ತಾಲೂಕಿನ ಬೈಲುಕುಪ್ಪೆಯಲ್ಲಿ 1960ರ ದಶಕದಲ್ಲಿ ಬಂದು ನೆಲೆಸಿದ ಟಿಬೆಟಿನ ನಿರಾಶ್ರಿತರು ತಮ್ಮ ವೃದ್ಧರಿಗಾಗಿ ತಾವೇ ಆಶ್ರಯಮನೆ ನಡೆಸುತ್ತಿದ್ದಾರೆ. ಊರು ಕಳೆದುಕೊಂಡು ಬಂದವರು ಅಷ್ಟು ಮಾಡಿದ್ದಾರೆ ಎಂಬುದನ್ನು ನಮ್ಮ ಜಮಾಅತ್‌ಗಳು ಗಮನಿಸಬೇಕು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆಯಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಹೆಚ್ಚು.

ಹಾಗಾದರೆ ಇಂತಹ ಮನೆಯನ್ನು ಆರಿಸುವುದು ಹೇಗೆ? ಅದಕ್ಕೂ ಮುಂಚೆ ವೈದ್ಯರ ಬಳಿ ಹೋಗಿ. ಥೈರಾಯ್ಡ್ ತೊಂದರೆ, ಬಿ-12 ಕೊರತೆ, ಖಿನ್ನತೆ ಇವುಗಳಿಂದಲೂ ಮರೆವು ಬರುತ್ತದೆ, ಅವಕ್ಕೆ ಔಷಧಿಯಿದೆ. ಮರೆವಿನ ಕಾಯಿಲೆಯೇ ಎಂದು ಗೊತ್ತಾದ ಮೇಲೂ ಮನೆಯಲ್ಲಿ ಸಾಧ್ಯವಿರುವಷ್ಟು ದಿನ ನೋಡಿಕೊಳ್ಳಿ. ಅಣ್ಣತಮ್ಮಂದಿರು, ಹೆಣ್ಣುಮಕ್ಕಳು ಪಾಳಿ ಹಾಕಿಕೊಳ್ಳಿ. ಎಲ್ಲ ಭಾರವನ್ನು ಒಬ್ಬ ಸೊಸೆಯ ಮೇಲೆ ಹೊರಿಸಿ ಸವಾಬ್ ನಮ್ಮದು ಎನ್ನುವುದು ನ್ಯಾಯವಲ್ಲ.

ಅದೂ ಸಾಧ್ಯವಾಗದಿದ್ದರೆ, ಇಬ್ನ್ ಜುಬೈರ್ ನೋಡಿದ್ದನ್ನೇ ನೀವೂ ನೋಡಿ. ಒಂದು, ದಫ್ತರ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ವ್ಯಾಖ್ಯೆಯಲ್ಲಿ ನೆನಪಿನ ಗಂಭೀರ ದೋಷವೂ ಸೇರಿದೆ. ಆ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ಕೇಳಿ ಪತ್ರ ನೋಡಿ. ತಿಂಗಳ ಶುಲ್ಕದಲ್ಲಿ ಔಷಧಿ, ಡೈಪರ್, ಆಸ್ಪತ್ರೆ ಖರ್ಚು ಸೇರಿದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಎರಡು, ಸರಪಳಿ. ಯಾವ ರೂಪದಲ್ಲೂ ಸರಪಳಿ ಹಾಕುವುದನ್ನು ಅದೇ ಕಾಯ್ದೆ ನಿಷೇಧಿಸಿದೆ. ಹಗಲೆಲ್ಲ ಎಲ್ಲರೂ ಮಂಪರಿನಲ್ಲಿ ಮಲಗಿದ್ದರೆ ಔಷಧಿಯೇ ಸರಪಳಿಯಾಗಿದೆಯೇನೋ ಎಂದು ವಿಚಾರಿಸಿ. ಮೂರು, ಸ್ತ್ರೀಯರ ಸ್ನಾನ-ಶೌಚಕ್ಕೆ ಸ್ತ್ರೀಯರೇ ಇದ್ದಾರೆಯೇ, ರಾತ್ರಿಯೂ ಇರುತ್ತಾರೆಯೇ ಎಂದು ಕೇಳಿ. ನಾಲ್ಕು, ತಪಾಸಣೆ. ಹೇಳದೆ ಹೋಗಿ. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲ ಮನೆಯೂ ಚೆನ್ನಾಗಿಯೇ ಕಾಣುತ್ತದೆ. ಗಾಬರಿ ಹೆಚ್ಚುವ ಮಗ್ರಿಬ್ ಹೊತ್ತಿನಲ್ಲಿ ಹೋಗಿ ನೋಡಿ. ಒಳಗೆ ಬಿಡದ ಮನೆ ಬೇಡ.

ಐದನೆಯದು ಭಾಷೆ. ಈ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಮರೆಯಾಗಿ, ತಾಯ್ನುಡಿ ಉಳಿಯುವುದು ಹಲವರಲ್ಲಿ ಕಾಣುತ್ತದೆ. ನಮ್ಮ ಅಮ್ಮಿಯರಿಗೆ ಕೊನೆಗೆ ಉಳಿಯುವುದು ಮನೆಯ ದಖನಿ. “ಪಾನಿ ಹೋನಾ” ಎಂದರೆ ತಿಳಿಯುವ ಒಬ್ಬರಾದರೂ ಅಲ್ಲಿರಬೇಕು. ಹಲಾಲ್ ಊಟ, ವುಝೂ ಮಾಡಲು ಜಾಗ ಇದೆಯೇ ಎಂದೂ ನೋಡಿ. ಆದರೆ ಅವರಿಗೆ ನಮಾಝಿನ ರಕಅತ್ ತಪ್ಪಿದರೆ ಜಗಳವಾಡಬೇಡಿ. ಬುದ್ಧಿ ಇಲ್ಲದವರ ಮೇಲಿಂದ ಕರ್ಮ ಬರೆಯುವ ಲೇಖನಿ ಎತ್ತಲ್ಪಟ್ಟಿದೆ ಎಂಬುದು ಹದೀಸಿನ ಬೋಧನೆ. ಅವರ ಲೆಕ್ಕ ನಿಂತಿದೆ, ನಮ್ಮ ಲೆಕ್ಕ ನಡೆಯುತ್ತಿದೆ.

ಆಸ್ತಿಯ ಮಾತನ್ನೂ ಹೇಳಬೇಕು. ಅಮ್ಮಿಯ ಮನೆ, ಒಡವೆ ಅಮ್ಮಿಯದೇ. ನೆನಪು ಹೋದ ಮಾತ್ರಕ್ಕೆ ಅದು ಮಿರಾಸ್ ಆಗುವುದಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ, ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಆ ಪತ್ರವನ್ನೇ ರದ್ದುಪಡಿಸಬಹುದು. ಹೊಣೆ ಹೊತ್ತವರು ಹಿರಿಯರನ್ನು ತೊರೆದುಬಿಟ್ಟರೆ ಮೂರು ತಿಂಗಳವರೆಗೆ ಜೈಲು ಅಥವಾ 5000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯವರು ಇದಕ್ಕಾಗಿ ಹುಣಸೂರಿನ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಬಹುದು. ಹಿರಿಯರ ಸಹಾಯವಾಣಿ 14567.

ಆ ಸಹೋದರರ ತಾಯಿ ಈಗ ಮೈಸೂರಿನ ಒಂದು ಮನೆಯಲ್ಲಿದ್ದಾರೆ. ಸೇರಿಸುವ ಮುಂಚೆ ಮಗ ನಾಲ್ಕು ಮನೆ ನೋಡಿದರು, ಸೊಸೆ ಎರಡು ಸಂಜೆ ಅಲ್ಲೇ ಕುಳಿತು ನೋಡಿದರು. ವಾರಕ್ಕೆರಡು ಸಲ ಮನೆಯವರು ಯಾರಾದರೂ ಹೋಗುತ್ತಾರೆ. ಕಳೆದ ತಿಂಗಳು ನಾವೂ ಹೋಗಿದ್ದೆವು. ಅವರಿಗೆ ಮಗನ ಗುರುತು ಸಿಗಲಿಲ್ಲ, ನಮ್ಮದಂತೂ ಸಿಗಲಿಲ್ಲ. ಆದರೆ ಸಲಾಂ ಹೇಳಿದಾಗ ಪೂರ್ತಿ ಜವಾಬು ಕೊಟ್ಟರು. ಕಾಲಿನಲ್ಲಿ ಕಟ್ಟಿನ ಗುರುತು ಇರಲಿಲ್ಲ.

ನಮ್ಮ ಅಂದಿನ ಖುತ್ಬಾವನ್ನು ನಾವು ಮಿಂಬರ್ ಮೇಲೆಯೇ ತಿದ್ದಿಕೊಂಡಿದ್ದೇವೆ, ಇಲ್ಲಿಯೂ ತಿದ್ದಿಕೊಳ್ಳುತ್ತಿದ್ದೇವೆ. ಹೆತ್ತವರನ್ನು ತೊರೆಯುವುದು ಗುನಾಹ್. ಒಳ್ಳೆಯ ಕೈಗಳಿಗೆ ಒಪ್ಪಿಸಿ, ಹೋಗಿ ಬಂದು ವಿಚಾರಿಸುತ್ತಿರುವುದು ತೊರೆಯುವುದಲ್ಲ. ಮನೆಯಲ್ಲಿಟ್ಟುಕೊಂಡೇ ತೊರೆದವರೂ ಇದ್ದಾರೆ. ಪ್ರತಿ ಮಹಲ್ಲಾದ ಜಮಾಅತ್ ಇಂತಹ ಹಿರಿಯರ ಒಂದು ಪಟ್ಟಿ ಮಾಡಿ, ಮನೆಯಲ್ಲಿರಲಿ ಕೇಂದ್ರದಲ್ಲಿರಲಿ, ತಿಂಗಳಿಗೊಮ್ಮೆ ಇಬ್ಬರನ್ನು ಕಳುಹಿಸಿ ವಿಚಾರಿಸುವಂತಾಗಲಿ. ನಮ್ಮ ಪೂರ್ವಿಕರ ವಕ್ಫ್ ನಮ್ಮಿಂದ ಕೇಳುವುದು ಕನಿಷ್ಠ ಇಷ್ಟನ್ನು.

ನಮ್ಮನ್ನು ಬಾಲ್ಯದಲ್ಲಿ ಸಾಕಿದವರ ಮೇಲೆ ಅಲ್ಲಾಹನು ಕರುಣೆ ತೋರಲಿ, ಅವರ ಮರೆವಿನ ದಿನಗಳಲ್ಲಿ ನಮಗೆ ಸಬರ್ ನೀಡಲಿ. ಆಮೀನ್.